ಲ್ಯಾಪ್‌ಟಾಪಿನಿಂದ ಹದವಾಗಿ ಶಾಕ್ ಹೊಡೆಸಿಕೊಳ್ಳುವ ಕ್ರಮ

ಮೊದಲು ಅಲ್ಯೂಮಿನಿಯಂ ಮೈಯ ಲ್ಯಾಪ್‌ಟಾಪ್ ಕೊಳ್ಳಿ. ಪ್ಲಾಸ್ಟಿಕ್ ಮೈಯದರಲ್ಲಿ ಈ ಸುಖ ಸಿಗದು.

ಧುಪದಾಳದವರು ಈ ವಿದ್ಯೆಗೆ ಹಿಂಜರಿಯಬೇಡಿ. ನಿಮ್ಮ ಒಡ್ಡು ದಾಟಿದ ಘಟಪ್ರಭೆ ಮುಂದೆ ಗೋಕಾಕ ಫಾಲ್ಸಿನಲ್ಲಿ 52 ಮೀಟರ್ ಧುಮುಕುತ್ತಾಳೆ. 1887ರಲ್ಲೇ ಅಲ್ಲಿ ಕರೆಂಟ್ ಹುಟ್ಟಿತೆಂದು ಎದೆಯುಬ್ಬಿಸಿ ಹೇಳುವವರು ನೀವು. ಅದರ ಒಂದು ಚಿಟಿಕೆ ಮೈಗೂ ತಾಗಲಿ.

ಚಾರ್ಜರಿಗೆ ಥ್ರೀ ಪಿನ್ ಇದ್ದರೆ ಪೇಟೆಯಿಂದ ಟೂ ಪಿನ್ ಕನ್ವರ್ಟರ್ ತನ್ನಿ. ಅದೂ ಖರ್ಚೆನಿಸಿದರೆ ಆ ಮೂರನೆಯ ದಪ್ಪ ಪಿನ್ನನ್ನು ಇಕ್ಕಳದಿಂದ ಮುರಿದುಬಿಡಿ. ಚಾರ್ಜರಿನೊಳಗೆ ಕರೆಂಟಿನ ಗದ್ದಲ ತಗ್ಗಿಸಲೆಂದು ಒಂದು ಪುಟ್ಟ ಕೆಪಾಸಿಟರ್ ಇಟ್ಟಿರುತ್ತಾರೆ. ಅದರ ಮೂಲಕ ಒಂದಿಷ್ಟು ಕರೆಂಟ್ ಈಚೆಗೆ ಸೋರುತ್ತದೆ. ದಪ್ಪ ಪಿನ್ ಇದ್ದರೆ ಅದು ಸದ್ದಿಲ್ಲದೆ ಭೂಮಿಗಿಳಿದು ವ್ಯರ್ಥವಾಗುತ್ತದೆ. ದಾರಿ ಮುಚ್ಚಿ, ಲೋಹದ ಮೈಮೇಲೆ ನಿಮಗಾಗಿ ಕಾದು ಕೂತಿರುತ್ತದೆ.

ಮೀಟರ್ ಇಟ್ಟು ನೋಡಿ: 230 ವೋಲ್ಟಿನ ಅರ್ಧದಷ್ಟು ತೋರಿಸಬಹುದು. ನೆಂಟರಿಗೂ ತೋರಿಸಿ. ಹರಿಯುವುದು ಒಂದು ಮಿಲಿಆಂಪಿಗಿಂತ ಎಷ್ಟೋ ಕಡಿಮೆ ಎಂಬುದನ್ನು ಮಾತ್ರ ಬಾಯಿಬಿಡಬೇಡಿ.

ಮುಟ್ಟುವುದಕ್ಕೂ ರೀತಿಯಿದೆ. ಅಂಗೈ ಒತ್ತಬೇಡಿ, ಏನೂ ತಿಳಿಯದು. ಬೆರಳ ಹಿಂಬದಿಯನ್ನು ಮೆಲ್ಲಗೆ ಸವರಿ. ನುಣ್ಣನೆಯ ಲೋಹ ಉಪ್ಪುಕಾಗದದಂತೆ ತರತರ ಎನ್ನುತ್ತದೆ. ಚಪ್ಪಲಿ ಬಿಡಿ. ಆಗತಾನೆ ಒರೆಸಿದ ಫರ್ಸಿಯ ಮೇಲೆ ಬರಿಗಾಲೂರಿ. ಬ್ಯಾಟರಿಯ ಮೇಲೆ ಕೆಲಸ ಮಾಡುವವರ ಸಹವಾಸ ಬೇಡ. ಪ್ಲಗ್ಗು ಕಿತ್ತರೆ ಎಲ್ಲ ಮುಗಿಯಿತು.

ಇನ್ನು ಮನೆಯ ವಿಚಾರ. ಗೋಡೆಯ ಸಾಕೆಟ್ಟಿಗೆ ಮೂರು ತೂತುಗಳಿದ್ದರೆ ಸಾಕು, ಮೂರನೆಯದರ ಹಿಂದೆ ತಂತಿ ಇದೆಯೇ ಎಂದು ಬಿಚ್ಚಿ ನೋಡಬೇಡಿ. ಹೊಸ ಮನೆ ಕಟ್ಟುವಾಗ ಹಾಲಿನ ಪಿಒಪಿಗೆ, ಗೇಟಿನ ಬಂಗಾರದ ಬಣ್ಣಕ್ಕೆ ಧಾರಾಳವಾಗಿರಿ. ವೈರಮನ್ ಅರ್ಥಿಂಗ್ ಗುಂಡಿ, ಪೈಪು, ಇದ್ದಿಲು, ಉಪ್ಪು ಎಂದು ಪಟ್ಟಿ ತೆಗೆದ ಕೂಡಲೇ ಕೈ ಬಿಗಿಹಿಡಿದು, "ಅಣ್ಣಾರ, ಮಣ್ಣಾಗ ಹೂತಿದ್ದು ಯಾರಿಗ ಕಾಣತೈತ್ರಿ? ಅದೊಂದು ಬಿಡ್ರಿ" ಅನ್ನಿ. ಹಟಮಾಡಿ ತೋಡಿಯೇಬಿಟ್ಟರೆ ಬೇಸಿಗೆಯಲ್ಲಿ ಅದಕ್ಕೆ ನೀರು ಹಾಕಬೇಡಿ. ಕಾಲುವೆಗೆ ನೀರು ಕೊಡುವ ಊರು ನಿಮ್ಮದು, ನಿಜ. ಗುಂಡಿಗೆ ಒಂದು ಕೊಡ ಸುರಿಯುವುದು ದುಂದುಗಾರಿಕೆ.

30 ಮಿಲಿಆಂಪ್ ಸೋರಿದರೆ ಕರೆಂಟ್ ಕಡಿಯುವ ಆರ್‌ಸಿಸಿಬಿ ಇದೆಯೇ? ಗೀಸರ್ ಹಾಕಿದಾಗಲೆಲ್ಲ ಟ್ರಿಪ್ ಆಗುತ್ತಿದ್ದರೆ ಗೀಸರನ್ನು ಅನುಮಾನಿಸಬೇಡಿ. ಆರ್‌ಸಿಸಿಬಿಯನ್ನೇ ತೆಗೆಸಿ ನೇರ ಕೊಡಿಸಿ.

ಇಷ್ಟು ಪಳಗಿದ ಮೇಲೆ ಕೊನೆಯ ಪಾಠ. ಅರ್ಥಿಂಗ್ ಬದಲು ಸಾಕೆಟ್ಟಿನಲ್ಲೇ ನ್ಯೂಟ್ರಲ್ಲಿಗೊಂದು ತುಂಡು ತಂತಿ ಜೋಡಿಸುತ್ತೇನೆಂದು ಯಾರಾದರೂ ಅಂದರೆ ಕೂಡಲೇ ಒಪ್ಪಿ, ಚಹಾ ಕುಡಿಸಿ ಕಳಿಸಿ. ಜುಮ್ಮೆನ್ನುವುದು ನಿಲ್ಲುತ್ತದೆ, ಗಾಬರಿಯಾಗಬೇಡಿ, ತಾಳಿ. ಎಂದಾದರೊಂದು ದಿನ ಆ ನ್ಯೂಟ್ರಲ್ ಹಿಂದೆಲ್ಲೋ ಕಡಿಯುತ್ತದೆ. ಆಗ ಫ್ರಿಜ್ಜಿನ, ಗ್ರೈಂಡರಿನ, ಥ್ರೀ ಪಿನ್ನಿನ ಲ್ಯಾಪ್‌ಟಾಪಿನ ಮೈಗೆ ಇಡೀ 230 ವೋಲ್ಟ್ ಬಂದು ನಿಲ್ಲುತ್ತದೆ. ಈ ಪಾಠದ ಅಭ್ಯಾಸವನ್ನು ಒಬ್ಬರೇ ಮಾಡಬೇಡಿ. ಮನೆಯವರೊಬ್ಬರು ಒಣ ಕೋಲು ಹಿಡಿದು ಹತ್ತಿರವಿರಲಿ.