ಕಲ್ಯಾಣಕ್ಕೆ ಹೋಗಿ ಸೀಟು ಹಿಡಿ

ಬಾಸ್ಕೆಟ್‌ಬಾಲ್ ತಂಡದ ಮಾಲೀಕನಾಗಲು ಬಾಸ್ಕೆಟ್‌ಬಾಲ್ ಗೊತ್ತಿರಬೇಕೆಂಬ ನಿಯಮ ಎಲ್ಲೂ ಇಲ್ಲ. ಬುಟ್ಟಿ ನೆಲದಿಂದ ಹತ್ತಡಿ ಮೇಲಿರುತ್ತದೆ, ಒಂದೊಂದು ಕಡೆ ಐದೈದು ಜನ ಆಡುತ್ತಾರೆ, ಇಷ್ಟು ತಿಳಿದಿದ್ದರೆ ಧಾರಾಳವಾಯಿತು. ನನಗೆ ಇಷ್ಟಾದರೂ ತಿಳಿದದ್ದು ಮಾಲೀಕನಾದ ಮೇಲೆ.

ನನ್ನ ತಂಡ ಇರುವುದು ಬಜರ್‌ಬೀಟರ್ ಎಂಬ ಆನ್‌ಲೈನ್ ಆಟದಲ್ಲಿ. 2007ರಿಂದ ನಡೆದುಬಂದಿರುವ ಈ ಆಟದಲ್ಲಿ ಚೆಂಡು ಮುಟ್ಟುವ ಪ್ರಮೇಯವೇ ಬರುವುದಿಲ್ಲ. ಆಟಗಾರರನ್ನು ಕೊಳ್ಳಬೇಕು, ಮಾರಬೇಕು, ತರಬೇತಿ ಕೊಡಿಸಬೇಕು, ಸಂಬಳ ಬಟವಾಡೆ ಮಾಡಬೇಕು. ಯಾರು ಎಲ್ಲಿ ನಿಲ್ಲಬೇಕೆಂದು ಪಂದ್ಯಕ್ಕೆ ಮೊದಲೇ ಬರೆದಿಟ್ಟು ಕೈಕಟ್ಟಿ ಕೂರಬೇಕು. ಉಳಿದದ್ದನ್ನು ಕಂಪ್ಯೂಟರು ತಾನೇ ಆಡಿಕೊಂಡು, ಯಾರು ಎಸೆದರು, ಯಾರು ತಪ್ಪಿಸಿದರು ಎಂದು ಸಾಲುಸಾಲಾಗಿ ವರದಿ ಒಪ್ಪಿಸುತ್ತದೆ. ಬೆರಳು ಚುರುಕಾಗಿರಬೇಕಿಲ್ಲ, ಮಂಡಿ ಗಟ್ಟಿಯಾಗಿರಬೇಕಿಲ್ಲ. ನನ್ನ ವಯಸ್ಸಿನವರಿಗೆ ಹೇಳಿ ಮಾಡಿಸಿದ ಆಟ.

ಇದಕ್ಕೆ ನನ್ನನ್ನು ಸೇರಿಸಿದವನು ಅಕ್ಕನ ಮಗ. ಐರೋಲಿಯಲ್ಲಿ ಕೆಲಸ, ಘನ್ಸೋಲಿಯಲ್ಲಿ ಮನೆ. ಭಾನುವಾರ ಥಾಣೆಯಲ್ಲಿ ಲೋಕಲ್ ಗಾಡಿ ಬದಲಿಸಿ ಡೊಂಬಿವಲಿಯ ನಮ್ಮ ಮನೆಗೆ ಊಟಕ್ಕೆ ಬರುತ್ತಾನೆ. "ಮಾವ, ಜನರನ್ನ ಬೈಯೋದು ಬಿಟ್ರೆ ನಿಮ್ಗೆ ಬೇರೆ ಹವ್ಯಾಸ ಇಲ್ಲ. ಇಲ್ಲಿ ಎಷ್ಟು ಬೈದ್ರೂ ಯಾರೂ ತಿರುಗಿ ಮಾತಾಡೋದಿಲ್ಲ," ಎಂದು ನನ್ನ ಫೋನಿನಲ್ಲೇ ಖಾತೆ ತೆರೆದುಕೊಟ್ಟ. ತಂಡಕ್ಕೆ 'ಡೊಂಬಿವಲಿ ಫಾಸ್ಟ್' ಎಂದು ನಾಮಕರಣವಾಯಿತು. ಅದೇ ಹೆಸರಿನ ಮರಾಠಿ ಸಿನಿಮಾ 2005ರಲ್ಲೇ ಬಂದಿದೆ, ಅದೇ ಹೆಸರಿನ ಗಾಡಿಯಂತೂ ದಿನವೂ ಬರುತ್ತದೆ. ನನ್ನ ಹುಡುಗರು ಓಡುವುದನ್ನು ನೋಡಿದ್ದರೆ ರೈಲ್ವೆಯವರು ಹೆಸರು ವಾಪಸು ಕೇಳುತ್ತಿದ್ದರೇನೋ.

ಹೊಸಬನಿಗೆ ಆಟದವರು ಒಂದಿಷ್ಟು ಹಣವನ್ನೂ ಒಂದು ಹಿಂಡು ಆಟಗಾರರನ್ನೂ ಕೊಟ್ಟು ಬಿಟ್ಟುಬಿಡುತ್ತಾರೆ. ಹಣ ಕಂಡ ಕೂಡಲೇ ಮನುಷ್ಯನ ನಿಜಗುಣ ಹೊರಬರುತ್ತದೆ. ನಮ್ಮ ಬೆಳಗಿನ ಗಾಡಿಯ ಗುಂಪಿನಲ್ಲಿ ಬ್ಯಾಂಕಿನವರೊಬ್ಬರಿದ್ದಾರೆ. ಆಯುಷ್ಯವಿಡೀ ಬೇರೆಯವರ ಸಾಲದ ಅರ್ಜಿಗಳನ್ನು 'ಆದಾಯ ಸಾಲದು' ಎಂದು ತಳ್ಳಿಹಾಕಿದವರು. ನನ್ನನ್ನು ನೋಡಿ ಅವರೂ ಒಂದು ತಂಡ ಮಾಡಿಕೊಂಡರು. ಮೊದಲ ದಿನವೇ ಇದ್ದಬದ್ದ ಹಣವನ್ನೆಲ್ಲ ಸುರಿದು ಮೂವತ್ತು ದಾಟಿದ ಏಳಡಿಯ ಸೆಂಟರ್ ಒಬ್ಬನನ್ನು ತಂದರು. ಬುಟ್ಟಿಯ ಕೆಳಗೆ ಅವನು ನಿಂತರೆ ಗೋಪುರ. ಆದರೆ ಈ ಆಟದಲ್ಲಿ ಸೋಮವಾರ ಲೆಕ್ಕಪತ್ರದ ದಿನ. ಟಿಕೆಟಿನ ಹಣ ಒಳಗೆ ಬರುತ್ತದೆ, ಸಂಬಳ ಹೊರಗೆ ಹೋಗುತ್ತದೆ. ಗೋಪುರದ ಸಂಬಳ ಇಡೀ ಕ್ರೀಡಾಂಗಣದ ಟಿಕೆಟಿನ ಹಣವನ್ನು ನುಂಗಿ ಇನ್ನಷ್ಟು ಕೇಳತೊಡಗಿತು. ಅವನಿಗೆ ಚೆಂಡು ತಲುಪಿಸಬಲ್ಲ ಗಾರ್ಡ್ ತಂಡದಲ್ಲಿರಲಿಲ್ಲವಾದ್ದರಿಂದ ಆತ ಪಂದ್ಯವಿಡೀ ಕೈಯೆತ್ತಿಕೊಂಡು ಬುಟ್ಟಿಯ ಕೆಳಗೆ ನಿಂತೇ ಇರುತ್ತಿದ್ದ. "ಹುಡುಗ ಒಳ್ಳೆಯವನೇ, ಸಪೋರ್ಟ್ ಇಲ್ಲ," ಎಂದು ಬ್ಯಾಂಕಿನವರು ಠಾಕುರ್ಲಿಯಿಂದ ಥಾಣೆಯವರೆಗೆ ನಿಟ್ಟುಸಿರಿಡುತ್ತಿದ್ದರು.

ಡೊಂಬಿವಲಿಯಲ್ಲಿ ಇಷ್ಟು ವರ್ಷ ಬಾಳಿದವರು ಹೀಗೆ ಮಾಡಬಾರದಿತ್ತು. ಹೊಸಬನ ಸೂತ್ರ ನಮ್ಮ ಸ್ಟೇಷನ್ನಿನಲ್ಲೇ ಇದೆ. ಬೆಳಗಿನ ಹೊತ್ತು ಇಲ್ಲಿಂದ ನೇರ ಮುಂಬಯಿ ಕಡೆಗೆ ಹತ್ತಲು ನೋಡಿದವನಿಗೆ ಸೀಟು ಹಾಗಿರಲಿ, ಎರಡೂ ಕಾಲು ಊರಲು ಜಾಗ ಸಿಕ್ಕರೆ ಪುಣ್ಯ. ಬಲ್ಲವರು ಏನು ಮಾಡುತ್ತಾರೆ? ಎದುರು ಪ್ಲಾಟ್‌ಫಾರ್ಮಿಗೆ ಹೋಗಿ ಕಲ್ಯಾಣದ ಗಾಡಿ ಹತ್ತುತ್ತಾರೆ. ಹೋಗಬೇಕಾದ ದಿಕ್ಕಿಗೆ ಬೆನ್ನು ಹಾಕಿ, ಎರಡು ಸ್ಟೇಷನ್ ಹಿಂದಕ್ಕೆ ಹೋಗಿ, ಅದೇ ಗಾಡಿ ತಿರುಗಿ ಹೊರಡುವಾಗ ಕಿಟಕಿಯ ಪಕ್ಕ ಕೂತು, ಡೊಂಬಿವಲಿಯಲ್ಲಿ ನುಗ್ಗಿ ಬರುವ ನೆರೆಹೊರೆಯವರನ್ನು ಕರುಣೆಯಿಂದ ನೋಡುತ್ತಾರೆ. ಇದಕ್ಕಾಗಿ ಪಾಸನ್ನೂ ಕಲ್ಯಾಣದಿಂದಲೇ ಮಾಡಿಸಿರುತ್ತಾರೆ, ಟಿ.ಸಿ. ಕೈಗೆ ಸಿಗಬಾರದಲ್ಲ.

ತಂಡವನ್ನೂ ಹೀಗೆಯೇ ನಡೆಸಬೇಕು. ಮೊದಲ ಸೀಸನ್ ಹಿಂದಕ್ಕೆ ಹೋಗುವುದು. ಹದಿನೆಂಟು ಹತ್ತೊಂಬತ್ತರ ಹುಡುಗರನ್ನು ಅಗ್ಗಕ್ಕೆ ತಂದು, ಸೋಲುತ್ತ ಸೋಲುತ್ತ ಬೆಳೆಸುವುದು. ಜಗತ್ತಿಗೆ ಇದನ್ನು ಹೇಳಿಕೊಟ್ಟವರು ತಾವೇ ಎಂದು ಅಮೆರಿಕದ ಫಿಲಡೆಲ್ಫಿಯಾದವರು ತಿಳಿದಿದ್ದಾರೆ. ಅಲ್ಲಿನ ಸೆವೆಂಟಿಸಿಕ್ಸರ್ಸ್ ತಂಡ ಸ್ಯಾಮ್ ಹಿಂಕಿ ಎಂಬ ಮ್ಯಾನೇಜರನ ಕೈಕೆಳಗೆ 2013ರಿಂದ ಇದೇ ಕೆಲಸ ಮಾಡಿತು. ಕೆಳಗೆ ಉಳಿದ ತಂಡಕ್ಕೆ ಮರುವರ್ಷದ ಹೊಸ ಹುಡುಗರನ್ನು ಆರಿಸಿಕೊಳ್ಳಲು ಚೀಟಿ ಎತ್ತುವಾಗ ಮೊದಲ ಸರದಿ ಸಿಗುವ ಸಂಭವ ಹೆಚ್ಚು. ಹಾಗಾಗಿ ಸೋತಷ್ಟೂ ಲಾಭ. 2015-16ರಲ್ಲಿ ಅವರು 82 ಪಂದ್ಯಗಳಲ್ಲಿ 72 ಸೋತು, ಮುಂದಿನ ಸೀಸನ್ನಿಗೆ ಮೊದಲ ಆಯ್ಕೆಯನ್ನು ಗಿಟ್ಟಿಸಿಕೊಂಡರು. ಅಷ್ಟು ಹೊತ್ತಿಗೆ ಹಿಂಕಿಯವರೇ ರಾಜೀನಾಮೆ ಕೊಟ್ಟು ಗಾಡಿಯಿಂದ ಇಳಿದಾಗಿತ್ತು. ಕೊನೆಗೆ 2019ರಲ್ಲಿ ಆ ಲೀಗ್ ನಡೆಸುವ ಎನ್‌ಬಿಎಯವರು ಚೀಟಿ ಎತ್ತುವ ಲೆಕ್ಕವನ್ನೇ ಬದಲಿಸಿ, ಅತಿ ಹೆಚ್ಚು ಸೋತವರಿಗಿದ್ದ ಅನುಕೂಲವನ್ನು ಕಡಿಮೆ ಮಾಡಿದರು. ಕಲ್ಯಾಣದಲ್ಲಿ ಟಿ.ಸಿ. ನಿಲ್ಲಿಸಿದರು, ಅಷ್ಟೇ.

ಹಿಂದಕ್ಕೆ ಹೋದವನು ಸುಮ್ಮನೆ ಕೂತರೆ ಕಲ್ಯಾಣದಲ್ಲೇ ಕೂತಿರುತ್ತಾನೆ. ಅಲ್ಲಿಂದಾಚೆ ಕಸಾರಾ ಇದೆ, ಕರ್ಜತ್ ಇದೆ. ಹಿಂದೆ ಹೋಗುವುದಕ್ಕೆ ಕೊನೆಯೆಂಬುದಿಲ್ಲ. ಆದ್ದರಿಂದ ತರಬೇತಿಯ ಲೆಕ್ಕ ಪಕ್ಕಾ ಇರಬೇಕು. ವಾರಕ್ಕೆ ಒಂದೇ ವಿದ್ಯೆ: ಎಸೆತವೋ, ಪಾಸೋ, ರೀಬೌಂಡೋ, ಯಾವುದಾದರೂ ಒಂದು. ಅದೂ ತಂಡದ ಎಲ್ಲರಿಗೂ ಹತ್ತುವುದಿಲ್ಲ. ಆ ವಿದ್ಯೆಗೆ ಗೊತ್ತುಮಾಡಿದ ಸ್ಥಾನದಲ್ಲಿ ನಿಂತು ವಾರದಲ್ಲಿ 48 ನಿಮಿಷ ಆಡಿದವನಿಗೆ ಮಾತ್ರ ಪೂರ್ಣ ಫಲ. ಶುಕ್ರವಾರ ಫಲಿತಾಂಶ. ಒಂದು ಪಂದ್ಯ ಎಂದರೆ 48 ನಿಮಿಷ. ಮಂಗಳವಾರ, ಶನಿವಾರ ಲೀಗ್ ಪಂದ್ಯ, ನಡುವೆ ಒಂದು ಅಭ್ಯಾಸದ ಪಂದ್ಯ ಎಂದು ಹಿಡಿದರೆ ಒಂದು ಸ್ಥಾನದಲ್ಲಿ ವಾರಕ್ಕೆ ಮೂವರನ್ನು ತಯಾರು ಮಾಡಬಹುದು. (ಡೊಂಬಿವಲಿಯಿಂದ ಸಿಎಸ್‌ಎಂಟಿಗೂ ಹೆಚ್ಚುಕಡಿಮೆ 48 ಕಿಲೋಮೀಟರೇ. ಇದರಲ್ಲಿ ಏನೋ ಸಂಕೇತವಿದೆಯೆಂದು ನಾನು ವಾದಿಸಿದೆ. ಅಕ್ಕನ ಮಗ ಒಪ್ಪಲಿಲ್ಲ.)

ಎಲ್ಲ ಪಂದ್ಯದಲ್ಲೂ ಒಬ್ಬನನ್ನೇ ಆಡಿಸಿದರೆ ಬೇಗ ಬೆಳೆಯುತ್ತಾನೆಂದು ಹೊಸಬರು ತಿಳಿಯುತ್ತಾರೆ. ಇಲ್ಲ, ಅವನ ಮೈಕಟ್ಟು ಕೆಡುತ್ತದೆ. ಕುಳ್ಳನಿಗೆ ಬುಟ್ಟಿಯ ಕೆಳಗಿನ ಕೆಲಸ ಕಲಿಸುವುದೂ ಲಂಬೂಗೆ ದೂರದ ಎಸೆತ ಕಲಿಸುವುದೂ ನಿಧಾನದ ಬಾಬತ್ತು. ಪ್ರತಿ ಆಟಗಾರನಿಗೂ ಒಂದು ಮಿತಿ ಇದೆ; ಅದು ಮುಟ್ಟಿತೆಂದರೆ ತರಬೇತಿಯ ಫಲ ಇಳಿಮುಖ. ಆ ಮಿತಿಗೆ ಆಟದವರು ಸೂಪರ್‌ಸ್ಟಾರ್, ಸ್ಟಾರ್ಟರ್, ಬೆಂಚ್ ಕಾಯುವವನು ಎಂದೆಲ್ಲ ದರ್ಜೆ ಇಟ್ಟಿದ್ದಾರೆ. ಎಲ್ಲಕ್ಕಿಂತ ಕೆಳಗಿನ ದರ್ಜೆ 'ಅನೌನ್ಸರ್'! ಅಂದರೆ ಈ ಹುಡುಗ ಏನು ಮಾಡಿದರೂ ಆಟಗಾರನಾಗಲಾರ, ಮೈಕ್ ಹಿಡಿಯಬಹುದು. ನಮ್ಮ ಸಂಘಗಳ ಕಾರ್ಯಕ್ರಮಗಳಲ್ಲಿ ನಿರೂಪಣೆ ಮಾಡುವವರ ಎದುರು ಈ ಸಂಗತಿ ಎತ್ತಬಾರದೆಂದು ಮನೆಯಲ್ಲಿ ನನಗೆ ತಾಕೀತಾಗಿದೆ, ಏಕೆಂದರೆ ನಿರೂಪಣೆ ಮಾಡುವವಳು ನನ್ನ ಹೆಂಡತಿ.

ಪಂದ್ಯಕ್ಕೆ ಎಷ್ಟು ಶ್ರಮ ಹಾಕಬೇಕೆಂಬುದನ್ನೂ ಮಾಲೀಕನೇ ಹೇಳಬೇಕು. ಮೂರು ಬಗೆ: ಸಲೀಸಾಗಿ ಆಡಿ, ಮಾಮೂಲಾಗಿ ಆಡಿ, ಪ್ರಾಣ ಒತ್ತೆಯಿಟ್ಟು ಆಡಿ. ಸಲೀಸಾಗಿ ಆಡಿದರೆ ತಂಡದ ಹುಮ್ಮಸ್ಸು ಏರುತ್ತದೆ, ಪ್ರಾಣ ಒತ್ತೆಯಿಟ್ಟರೆ ಮುಂದಿನ ಪಂದ್ಯಕ್ಕೆ ಇಳಿಯುತ್ತದೆ. ಈ ತತ್ತ್ವ ನನಗೆ ಬಹಳ ಹಿಡಿಸಿತು. ಮಾಲೀಕರಿಲ್ಲದ ತಂಡಗಳನ್ನು ಕಂಪ್ಯೂಟರೇ ನಡೆಸುತ್ತಿರುತ್ತದೆ. ಅವುಗಳ ಎದುರು ಸಲೀಸಾಗಿ ಆಡಿಸಿ, ಉಳಿಸಿದ ಹುಮ್ಮಸ್ಸನ್ನು ಬ್ಯಾಂಕಿನವರ ತಂಡದ ಮೇಲೆ ಖರ್ಚು ಮಾಡುವುದು ಜಾಣತನ. ಒಮ್ಮೆ ಹಾಗೆಯೇ ಗೆದ್ದೆ. ಮರುದಿನ ಗಾಡಿಯಲ್ಲಿ ಅವರು ಇಂಗ್ಲಿಷ್ ಪೇಪರನ್ನು ಎಂದಿಗಿಂತ ಅಗಲವಾಗಿ ಬಿಡಿಸಿಕೊಂಡಿದ್ದರು. ಆ ಗಾಡಿಯಲ್ಲಿ ಅದು ಸುಲಭದ ಕೆಲಸವಲ್ಲ.

ಆಟ ಗೊತ್ತಿಲ್ಲದವನು ತಂಡ ನಡೆಸಬಹುದೇ ಎಂದು ಕೇಳುವವರಿಗೆ ನಾನು ವಿವೇಕ್ ರಣದಿವೆಯವರ ಕತೆ ಹೇಳುತ್ತೇನೆ. ಮುಂಬಯಿಯಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿ ಸಾಫ್ಟ್‌ವೇರಿನಲ್ಲಿ ದೊಡ್ಡವರಾದವರು. ಬಾಸ್ಕೆಟ್‌ಬಾಲ್ ಆಡಿದವರೇ ಅಲ್ಲ. ಹನ್ನೆರಡರ ಆಸುಪಾಸಿನ ಮಗಳ ತಂಡಕ್ಕೆ ಕೋಚ್ ಆಗಿ ನಿಂತಾಗ ಅವರಿಗೊಂದು ಸಂಶಯ ಬಂತಂತೆ: ಎದುರಾಳಿಗಳು ಚೆಂಡನ್ನು ಅರ್ಧ ಅಂಗಳ ದಾಟಿಸಿಕೊಂಡು ಬರುವವರೆಗೆ ಇವರೇಕೆ ಹಿಂದೆ ಹೋಗಿ ಮರ್ಯಾದೆಯಿಂದ ಕಾಯಬೇಕು? ಗೆರೆಯಾಚೆಯಿಂದ ಚೆಂಡು ಒಳಗೆಸೆಯಲು ಐದು ಸೆಕೆಂಡ್, ಅರ್ಧ ದಾಟಲು ಹತ್ತು ಸೆಕೆಂಡ್; ಅಷ್ಟರೊಳಗೇ ಮುತ್ತಿಗೆ ಹಾಕಿದರಾಯಿತು. ಅದಕ್ಕೆ ಫುಲ್ ಕೋರ್ಟ್ ಪ್ರೆಸ್ ಎನ್ನುತ್ತಾರೆ. ಹೇಳಿಕೊಳ್ಳುವಂಥ ಎಸೆತಗಾರ್ತಿಯರಿಲ್ಲದ ಆ ಹುಡುಗಿಯರು ಬರೀ ಮುತ್ತಿಗೆಯ ಬಲದಿಂದ ರಾಷ್ಟ್ರಮಟ್ಟದ ಸ್ಪರ್ಧೆಗೆ ಹೋದರು. ಮಾಲ್ಕಮ್ ಗ್ಲಾಡ್‌ವೆಲ್ 2009ರಲ್ಲಿ 'ನ್ಯೂಯಾರ್ಕರ್' ಪತ್ರಿಕೆಯಲ್ಲಿ ಇದನ್ನು ಬರೆದು ಲೋಕಕ್ಕೆಲ್ಲ ಸಾರಿದರು.

ಮುತ್ತಿಗೆಯ ವಿಚಾರದಲ್ಲಿ ನಮ್ಮ ಡೊಂಬಿವಲಿಯವರಿಗೆ ಯಾರೂ ಪಾಠ ಹೇಳಬೇಕಿಲ್ಲ. ನಾನೂ ಹುಡುಗರಿಗೆ ಅದನ್ನೇ ಅಪ್ಪಣೆ ಮಾಡಿದೆ. ಮೊದಲ ಕಾಲು ಭಾಗ ರಣದಿವೆಯವರ ಮಗಳ ತಂಡವೇ ಸರಿ. ಮೂರನೆಯ ಕಾಲಿಗೆ ಬರುವಾಗ ಎಲ್ಲರೂ ಏದುಸಿರು. "ದಮ್ಮು ಬೆಳೆಸದೆ ಪ್ರೆಸ್ ಮಾಡಿಸಿದ್ರೆ ಮತ್ತೆಂತ ಆಗ್ತದೆ ಮಾವ?" ಎಂದ ಅಕ್ಕನ ಮಗ. ಹೌದು, ದಮ್ಮಿಗೂ ಬೇರೆಯೇ ತರಬೇತಿ ಇದೆ, ಅದಕ್ಕೂ ಒಂದು ವಾರ ಕೊಡಬೇಕು.

ರಣದಿವೆ 2013ರಲ್ಲಿ ನಿಜವಾದ ತಂಡವನ್ನೇ ಕೊಂಡರು, ಸ್ಯಾಕ್ರಮೆಂಟೊ ಕಿಂಗ್ಸ್. 2019ರ ಅಕ್ಟೋಬರ್ 4 ಮತ್ತು 5ರಂದು ಆ ತಂಡ ವರ್ಲಿಯ ಎನ್‌ಎಸ್‌ಸಿಐ ಡೋಮಿನಲ್ಲಿ ಇಂಡಿಯಾನಾ ಪೇಸರ್ಸ್ ಎದುರು ಆಡಿತು. ಭಾರತದಲ್ಲಿ ನಡೆದ ಮೊದಲ ಎನ್‌ಬಿಎ ಪಂದ್ಯಗಳು ಅವು. ಹುಟ್ಟೂರಿನ ಜನರೆದುರು ರಣದಿವೆಯವರ ತಂಡ ಎರಡನ್ನೂ ಸೋತಿತು. ಮೊದಲನೆಯದನ್ನು ಹೆಚ್ಚುವರಿ ಸಮಯದಲ್ಲಿ 132-131ಕ್ಕೆ, ಒಂದೇ ಪಾಯಿಂಟಿನಲ್ಲಿ. ಹದಿನಾರು ಸೀಸನ್ ಪ್ಲೇಆಫ್ ಮುಖ ಕಾಣದೆ ಎನ್‌ಬಿಎಯಲ್ಲೇ ದಾಖಲೆ ಬರೆದ ತಂಡ ಅದು. ಮತ್ತೆ ಪ್ಲೇಆಫ್ ಕಂಡದ್ದು 2023ರಲ್ಲಿ. ರಣದಿವೆಯವರ ಪಾಲಿಗೇ ಹತ್ತು ವರ್ಷ ಕಲ್ಯಾಣದ ವಾಸ. ಇಷ್ಟು ಹೇಳಿದ ಮೇಲೆ ಪಟ್ಟಿಯಲ್ಲಿ ನನ್ನ ತಂಡದ ಕೊನೆಯ ಸ್ಥಾನದ ಬಗ್ಗೆ ಯಾರೂ ಕೇಳುವುದಿಲ್ಲ.

ಮನೆಯಲ್ಲಿ ಮಾತ್ರ ಬೇರೆಯೇ ಪ್ರಶ್ನೆ ಎದ್ದಿತು. 2025ರ ಆಗಸ್ಟಿನಲ್ಲಿ ಆನ್‌ಲೈನ್ ಜೂಜಿನ ಕಾನೂನು ಬಂದಾಗ ಟಿ.ವಿ.ಯಲ್ಲಿ ದಿನವಿಡೀ ಅದೇ ಸುದ್ದಿ. ಹೆಂಡತಿ ಕುಕ್ಕರಿನ ಮೂರನೇ ಸೀಟಿ ಆಗುವುದನ್ನೂ ಕಾಯದೆ ಹೊರಗೆ ಬಂದು, "ನಿಮ್ಮದೂ ಅದೇ ಆಟವಾ? ಪೊಲೀಸ್ರು ಬಂದ್ರೆ ಸೊಸೈಟಿಯವರಿಗೆ ಎಂತ ಹೇಳ್ಲಿ?" ಎಂದಳು. ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆಟಗಳಿಗಷ್ಟೇ ನಿಷೇಧ, ಅಲ್ಲೂ ಶಿಕ್ಷೆ ಆಡಿಸುವವರಿಗೆ, ಆಡುವವರಿಗಲ್ಲ, ಇಲ್ಲಿ ಗೆಲ್ಲುವುದಕ್ಕೆ ದುಡ್ಡೇ ಇಲ್ಲ ಎಂದು ವಿವರಿಸಿದೆ. "ದುಡ್ಡೂ ಇಲ್ವಾ?" ಎಂದು ಇನ್ನಷ್ಟು ಬೇಸರದಿಂದ ನೋಡಿದಳು. ನಂಬಿಕೆಯಾಗಲೆಂದು ಫೋನನ್ನೇ ಕೈಗೆ ಕೊಟ್ಟೆ. ಅದೇ ಹೊತ್ತಿಗೆ ಆಟಗಾರನೊಬ್ಬನ ಹರಾಜು ಕೊನೆಯ ಹಂತದಲ್ಲಿತ್ತು.

ಫಡಕೆ ರೋಡಿನಲ್ಲಿ ಕೊತ್ತಂಬರಿ ಸೊಪ್ಪಿನ ಕಟ್ಟಿಗೂ ಎರಡು ಸುತ್ತು ಮಾತಾಡುವವಳು ಅವಳು. ಹರಾಜಿನ ಒಳಮರ್ಮ ನನಗಿಂತ ಬೇಗ ತಿಳಿಯಿತು. ಕೊನೆಯ ಗಳಿಗೆಯಲ್ಲಿ ಯಾರಾದರೂ ಬೆಲೆ ಏರಿಸಿದರೆ ಗಡುವು ಕೆಲವು ನಿಮಿಷ ಮುಂದಕ್ಕೆ ಹೋಗುತ್ತದೆ; ಹಾಗಾಗಿ ಥಟ್ಟನೆ ಕೂಗಿ ಓಡಿಹೋಗುವಂತಿಲ್ಲ, ಎದುರಿನವನಿಗೆ ಸಾಕೆನಿಸುವವರೆಗೆ ಕೂತಿರಬೇಕು. ಕೂತಿರುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಮಾರುವಾಗ, ಕೊಳ್ಳುವವರು ಎಚ್ಚರವಾಗಿರುವ ಹೊತ್ತಿಗೆ ಹರಾಜು ಮುಗಿಯುವಂತೆ ಇಡಬೇಕು. ಯುರೋಪಿನವರು ಬಹಳ ಮಂದಿ ಆಡುವುದರಿಂದ ನಮ್ಮ ರಾತ್ರಿ ಊಟದ ನಂತರದ ಸಮಯವೇ ಪ್ರಶಸ್ತ. ಇದನ್ನೂ ಕಂಡುಹಿಡಿದವಳು ಅವಳೇ. ಧಾರಾವಾಹಿಯ ಸಮಯವನ್ನು ಅದಕ್ಕಾಗಿ ಬದಲಿಸಿಕೊಂಡಳು.

ಸೀಸನ್ನಿನ ಕೊನೆಗೆ ನನ್ನ ಕೈಯಾರೆ ಬೆಳೆಸಿದ ಹುಡುಗನೊಬ್ಬ ತಂಡದ ಅತ್ಯುತ್ತಮ ಗಾರ್ಡ್ ಆಗಿದ್ದ. ಹೆಸರು ಕಂಪ್ಯೂಟರು ಇಟ್ಟದ್ದೇ ಆದರೂ ನನಗೆ ಅವನ ಮೇಲೆ ಮೋಹ. ಆದರೆ ಹೊಸ ಸೀಸನ್ ಹೊರಳುವಾಗ ಸಂಬಳಗಳ ಮರುಲೆಕ್ಕವಾಗುತ್ತದೆ, ಕಲಿತವನ ಸಂಬಳ ಒಮ್ಮೆಲೇ ಜಿಗಿಯುತ್ತದೆ. "ಮಾರಿ," ಎಂದಳು ಇವಳು. ಮುಂದಿನ ವರ್ಷ ಇವನೇ ನಮ್ಮನ್ನು ಗೆಲ್ಲಿಸುವವನು ಎಂದೆ. "ಮುಂದಿನ ವರ್ಷ ಇವನ ಸಂಬಳಕ್ಕೆ ನಿಮ್ಮ ಪಿಂಚಣಿ ಸಾಕಾಗ್ತದಾ?" ಅಕ್ಕನ ಮಗನಿಗೆ ಫೋನು ಹೋಯಿತು. ಅವನು, "ಅತ್ತೆ ಹೇಳಿದ್ದು ಸರಿ ಮಾವ, ಒಬ್ಬನನ್ನ ಮಾರಿದ್ರೆ ಮೂವರು ಬರ್ತಾರೆ," ಎಂದ. ಎರಡು ಓಟಿಗೆ ಒಂದು ಓಟಿನಿಂದ ಸೋತೆ. ಹರಾಜಿಗೆ ಅವಳೇ ಕೂತಳು. ಬಂದ ಮೊತ್ತ ಕೇಳಿ ಬ್ಯಾಂಕಿನವರು ತಮ್ಮ ಗೋಪುರವನ್ನೂ ಆಕೆಯ ಕೈಯಿಂದಲೇ ಮಾರಿಸಿಕೊಡಬಹುದೇ ಎಂದು ವಿಚಾರಿಸಿದ್ದಾರೆ. ವಯಸ್ಸು ಕೇಳಿ, ಆಗುವುದಿಲ್ಲ ಎಂದುಬಿಟ್ಟಳು.

ಹಣದಲ್ಲಿ ಸ್ವಲ್ಪವನ್ನು ಕ್ರೀಡಾಂಗಣಕ್ಕೆ ಹಾಕಬೇಕೆಂದು ತೀರ್ಮಾನವಾಯಿತು. ನನಗೆ ಅಂಗಳಕ್ಕೆ ಅಂಟಿಕೊಂಡ ದುಬಾರಿ ಕುರ್ಚಿಗಳ ಮೇಲೆ ಕಣ್ಣು. ಮಾಲೀಕನಿಗೊಂದು ಗತ್ತು ಬೇಡವೇ? ಅವಳು ಮೇಲ್ಗಡೆಯ ಅಗ್ಗದ ಮೆಟ್ಟಿಲುಗಳನ್ನೇ ಹೆಚ್ಚಿಸಿದಳು.

"ಮುಂದಿನ ಸಾಲಿನವರು ಯಾವಾಗ್ಲೂ ಪಾಸ್ ಕೇಳುವವ್ರೇ," ಎಂದಳು. "ದುಡ್ಡು ಕೊಟ್ಟು ಬರುವವ್ರು ಹಿಂದೆ ಕೂರ್ತಾರೆ."