ಅಕ್ಕನಿಗೆ ಬರುವ ಇಂಗ್ಲಿಷು

ಇಂಗ್ಲಿಷ್ ಬರೋದಿಲ್ಲ ಎಂದು ನಮ್ಮ ಸುತ್ತೂರಿನ ಕಡೆ ಯಾರಾದರೂ ಹೇಳಿದರೆ ನಾನು ಸುಲಭಕ್ಕೆ ಒಪ್ಪುವವನಲ್ಲ. ಪಕ್ಕದ ಮನೆಯ ಅಕ್ಕನ ಜೊತೆ ಈ ವಿಷಯದಲ್ಲಿ ನನ್ನ ವಾದ ಬಹಳ ಹಳೆಯದು. ಅವರು ಹಿತ್ತಿಲಲ್ಲಿ ಪಾತ್ರೆ ಉಜ್ಜುತ್ತಾ, "ನಾನು ಮೂರ್ನೇ ಕ್ಲಾಸ್‌ಗೇ ಇಸ್ಕೂಲು ಬುಟ್ಟೋಳು ಕನಪ್ಪ, ನಂಗೆಲ್ಲಿ ಬತ್ತದೆ ಇಂಗ್ಲಿಸು" ಅನ್ನುತ್ತಾರೆ. ಅದೇ ಬಾಯಲ್ಲಿ ಹೊಲಕ್ಕೆ ಹೊರಟ ಮಗನಿಗೆ ಹೇಳುವ ಮಾತು ಕೇಳಿ: "ಮೋಟ್ರು ಆನ್ ಮಾಡ್ಬ್ಯಾಡ ಕನ್ಲಾ, ಒಂದು ಫೇಸ್ ಬತ್ತಾ ಇಲ್ಲ, ಸ್ಟಾಟ್ರು ಟ್ರಿಪ್ ಆಯ್ತದೆ. ಲೈನ್‌ಮನ್‌ಗೆ ಫೋನ್ ಮಾಡಿ ಟೀಸಿ ಫ್ಯೂಸ್ ನೋಡಕ್ಕೇಳು."

ಒಂದೇ ಉಸಿರಿನಲ್ಲಿ ಒಂಬತ್ತು ಇಂಗ್ಲಿಷ್ ಪದ. ಅವೆಲ್ಲ ಬರೀ ಕೇಳಿ ಒಪ್ಪಿಸಿದ ಪದಗಳಲ್ಲ. ಮೂರು ಫೇಸಿನಲ್ಲಿ ಒಂದು ತಪ್ಪಿದರೆ ಉಳಿದೆರಡರ ಮೇಲೆ ಭಾರ ಬಿದ್ದು ಮೋಟರಿನ ಒಳಗಿನ ಸುರುಳಿ ಸುಟ್ಟುಹೋಗುತ್ತದೆ, ವೈಂಡಿಂಗಿಗೆ ದುಡ್ಡು ಸುರಿಯಬೇಕಾಗುತ್ತದೆ ಎನ್ನುವುದು ಅಕ್ಕನಿಗೆ ಗೊತ್ತು. ಪದದ ಜೊತೆಗೆ ಅದರ ಕೆಲಸವೂ, ಅದು ಕೈಕೊಟ್ಟರೆ ಆಗುವ ನಷ್ಟವೂ ಗೊತ್ತು. ಡಿಗ್ರಿ ಓದಿದ ಎಷ್ಟೋ ಮಂದಿಗೆ ಫೇಸ್ ಎಂದರೆ ಮುಖ ಅಂತ ಮಾತ್ರ ಗೊತ್ತು. ಇವರಿಬ್ಬರಲ್ಲಿ ಯಾರಿಗೆ ಆ ಪದ ಬರುತ್ತದೆ ಅನ್ನಬೇಕು?

ನಾಲೆಗೆ ಚಾನಲ್ಲು ಅನ್ನುವ ಸೀಮೆ ನಮ್ಮದು. ಬಸ್ಸು ಹತ್ತಿದರೆ ಕಂಡಕ್ಟರು 'ಹೋಲ್ಡಾನ್' ಅಂದರೆ ನಿಲ್ಲುತ್ತದೆ, 'ರೈಟ್ ರೈಟ್' ಅಂದರೆ ಹೊರಡುತ್ತದೆ. ಇದರ ಅರ್ಥವನ್ನು ನಂಜನಗೂಡಿನ ಸಂತೆಗೆ ಹೋಗುವ ಯಾವ ಅಜ್ಜಿಯೂ ಯಾರನ್ನೂ ಕೇಳಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ 'ಝೀರೋ ಟಿಕೆಟ್' ಅನ್ನುವುದೂ ಅಜ್ಜಿಯರ ಮಾತಿಗೆ ಸೇರಿಹೋಯಿತು. ಮೈಸೂರಿಗೆ ಹೊಸಬರಾಗಿ ಬಂದವರು 'ಮಿಲ್ಟ್ರಿ ಹೋಟ್ಲು' ಅನ್ನುವ ಬೋರ್ಡು ನೋಡಿ ಸೈನಿಕರಿಗೆ ಮಾತ್ರ ಊಟ ಅಂದುಕೊಂಡಾರು. ಅದು ಬಾಡೂಟದ ಹೋಟೆಲು ಅಂತ ಇಲ್ಲಿಯವರೇ ಹೇಳಬೇಕು. ತಲೆಗೂದಲು ಕತ್ತರಿಸಿಕೊಳ್ಳುವುದು ಕಟಿಂಗು, ಪಾಠ ಹೇಳುವ ಮೇಡಂ ಮಿಸ್ಸು, ಕುಡಿದವನು ಟೈಟು, ಇಲ್ಲದ್ದನ್ನು ಇದೆ ಎಂದು ತೋರಿಸಿಕೊಳ್ಳುವುದು ಬಿಲ್ಡಪ್ಪು. ಲಂಡನ್ನಿನಿಂದ ಬಂದವರಿಗೂ ಇದನ್ನೆಲ್ಲ ಕಲಿಸಲು ನಮ್ಮಲ್ಲಿ ಸರಕಿದೆ.

ಹೀಗಿರುವಾಗ ನಮ್ಮ ಐಕ್ಳು ಇಂಗ್ಲಿಷ್ ಪಿರಿಯಡ್ಡಿನಲ್ಲಿ ಬಾಯಿ ಕಟ್ಟಿದವರ ಹಾಗೆ ಕೂರುವುದು ನನಗೆ ನಿಜವಾಗಿಯೂ ಸಂಕಟ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಗೇ ಇಂಗ್ಲಿಷ್ ಒಂದು ವಿಷಯವಾಗಿ ಬಂದಿದೆ. ನಮ್ಮ ಕಾಲದಲ್ಲಿ ಐದನೆಯ ತರಗತಿಯಿಂದ ಇತ್ತು. ವರ್ಷಗಳು ಜಾಸ್ತಿಯಾದವು, ಅಂಜಿಕೆ ಮಾತ್ರ ಕಮ್ಮಿಯಾಗಿಲ್ಲ. ಒಂದು ಶಾಲೆಯಲ್ಲಿ ಹುಡುಗಿಯೊಬ್ಬಳು 'ಬಸ್ಸು' 'ಕಾರು' ಎಂದು ಓದಿದ್ದಕ್ಕೆ ಎಲ್ಲರೆದುರು ನಿಲ್ಲಿಸಿ ಗದರಿದ್ದನ್ನು ಕೇಳಿದೆ. ಆ ಮಗು ಮಾಡಿದ ಅಪರಾಧವಾದರೂ ಏನು? ಕನ್ನಡದ ಬಾಯಿಗೆ ಪದದ ಕೊನೆಯಲ್ಲಿ ಸ್ವರ ಬೇಕು. ಹಳಗನ್ನಡದ 'ಕಣ್' ಕಣ್ಣಾಯಿತು, 'ಮಣ್' ಮಣ್ಣಾಯಿತು. ಅದೇ ದಾರಿ ಹಿಡಿದು ಬಸ್ ಬಸ್ಸಾಯಿತು, ಕಾರ್ ಕಾರಾಯಿತು. ಸ್ಕೂಲಿನ ಮುಂದೆ ಒಂದು ಇಕಾರ ನಿಲ್ಲಿಸಿ ಅಕ್ಕ ಇಸ್ಕೂಲು ಅನ್ನುವುದೂ ಬಾಯಿಗೆ ಹಗುರಾಗಲೆಂದೇ. ಮಗು ತನಗೆ ಗೊತ್ತಿಲ್ಲದೆಯೇ ಕನ್ನಡದ ನಿಯಮವನ್ನು ಸರಿಯಾಗಿ ಪಾಲಿಸಿದೆ. "ಕನ್ನಡದಲ್ಲಿ ಬಸ್ಸು ಸರಿ, ಇಂಗ್ಲಿಷ್ ಮಾತಾಡುವಾಗ ಕೊನೆಯ ಉಕಾರ ಬಿಡು ಮಗಾ" ಅಂದಿದ್ದರೆ ಮುಗಿಯುತ್ತಿತ್ತು.

ಕಷ್ಟ ಇರುವುದು ಬೇರೆ ಕಡೆ. ವಸ್ತುಗಳ ಹೆಸರನ್ನು ನಾವು ನೂರಾರು ಲೆಕ್ಕದಲ್ಲಿ ತಂದುಕೊಂಡಿದ್ದೇವೆ, ಆದರೆ ಕ್ರಿಯಾಪದವನ್ನು ಹಾಗೆ ತಂದಿಲ್ಲ. ಆನ್ ಮಾಡು, ಟ್ರಿಪ್ ಆಯ್ತು, ಅಡ್ಜಸ್ಟ್ ಮಾಡ್ಕೋ, ಎಲ್ಲಕ್ಕೂ ನಮ್ಮ ಮಾಡು, ಆಗು ಇವೆರಡೇ ಹೆಗಲು ಕೊಡುತ್ತವೆ. ಇಂಗ್ಲಿಷಿನವರ ದಿನದ ಮಾತು ನಡೆಯುವುದು ಗೆಟ್, ಪುಟ್, ಟೇಕ್, ಗೋ ಎಂಬ ಸಣ್ಣ ಸಣ್ಣ ಕ್ರಿಯಾಪದಗಳ ಮೇಲೆ. ಅವುಗಳ ಹಿಂದೆ ಅಪ್, ಆಫ್, ಔಟ್ ಸೇರಿದರೆ ಅರ್ಥ ಊರಾಚೆ ಹೋಗಿಬಿಡುತ್ತದೆ. ಗೆಟ್ ಆಫ್ ಅಂದರೆ ಬಸ್ಸಿನಿಂದ ಇಳಿ, ಗೆಟ್ ಬೈ ಅಂದರೆ ಹೇಗೋ ಕಾಲ ಹಾಕು, ಥ್ರೋ ಅಪ್ ಅಂದರೆ ವಾಂತಿ. ದೊಡ್ಡ ದೊಡ್ಡ ಪದ ಉರುಹೊಡೆಸುವ ಹೊತ್ತಿನಲ್ಲಿ ಈ ಚಿಕ್ಕವನ್ನು ಬಾಯಿಗೆ ಹತ್ತಿಸಿದರೆ ಹೊಸದಾಗಿ ಕಲಿಯುವವರಿಗೆ ಎಷ್ಟೋ ಉಪಕಾರ.

ಇದೆಲ್ಲ ಈಗ ತಲೆ ತುಂಬಿಕೊಂಡಿರುವುದಕ್ಕೆ ಕಾರಣ ಅಕ್ಕನ ಮಗಳು. ಮೈಸೂರಿನಲ್ಲಿ ನರ್ಸಿಂಗ್ ಮುಗಿಸಿ ಅಲ್ಲಿಯೇ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುತ್ತಿದ್ದಾಳೆ. ಇಂಗ್ಲೆಂಡಿಗೆ ಹೋಗಬೇಕು ಎಂದು ಓಇಟಿ ಪರೀಕ್ಷೆಗೆ ಓದುತ್ತಿದ್ದಾಳೆ. ಅದು ವೈದ್ಯರು, ನರ್ಸುಗಳಂಥವರಿಗೆಂದೇ ಮಾಡಿದ ಇಂಗ್ಲಿಷ್ ಪರೀಕ್ಷೆ. ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ಎಂದು ನಾಲ್ಕು ಭಾಗ. ಮಾತಿನ ಭಾಗದಲ್ಲಿ ಎದುರಿನವರು ರೋಗಿಯದೋ ರೋಗಿಯ ಮನೆಯವರದೋ ಪಾತ್ರ ಮಾಡುತ್ತಾರೆ, ಇವಳು ನರ್ಸಾಗಿಯೇ ಮಾತಾಡಿಸಬೇಕು. ರಜೆಗೆ ಬಂದಾಗ ಒಗೆಯುವ ಕಲ್ಲಿನ ಮೇಲೆ ಕೂತು ನೋಟ್‌ಬುಕ್ ತಿರುವುತ್ತಿರುತ್ತಾಳೆ.

ಮೊನ್ನೆ ಬೇಲಿಯಾಚೆಯಿಂದಲೇ ಕೇಳಿದಳು, "ಮಾವ, ಪೇಷೆಂಟು 'ಐ ನೀಡ್ ಟು ಸ್ಪೆಂಡ್ ಎ ಪೆನ್ನಿ' ಅಂದ್ರೆ ಏನು ಮಾಡ್ಬೇಕು?"

ನಾನು ಹೇಳುವುದಕ್ಕೆ ಮುಂಚೆ ಅವಳ ಅಮ್ಮ, "ದುಡ್ಡು ಕೇಳ್ತಾ ಅವ್ರಾ?" ಅಂದರು.

ದುಡ್ಡಲ್ಲ ಅಕ್ಕ, ಬಾತ್‌ರೂಮಿಗೆ ಹೋಗಬೇಕು ಅಂತ. ಅಲ್ಲಿನ ಸಾರ್ವಜನಿಕ ಪಾಯಿಖಾನೆಗಳ ಬಾಗಿಲು ತೆಗೆಯಲು ಹಿಂದೆ ಒಂದು ಪೆನ್ನಿ ನಾಣ್ಯ ಹಾಕಬೇಕಿತ್ತು. ಬೀಗಗಳು ಹೋದವು, ವಯಸ್ಸಾದವರ ಬಾಯಲ್ಲಿ ಮಾತು ಉಳಿಯಿತು. ಇಷ್ಟು ಹೇಳಿದ್ದೇ ತಡ, ಅಕ್ಕ ಕೈಯ ಸಬ್ಬೀನ ಕೆಳಗಿಟ್ಟು, "ಓ, ನಾವು 'ಒಂದಕ್ಕೆ ಓಗ್ಬತ್ತೀನಿ' ಅನ್ನಲ್ವಾ, ಅಂಗೇ ಕನ ಅದು" ಅಂದರು. ಎಷ್ಟು ಸರಿ! ಹೇಳಲು ಸಂಕೋಚವಾದದ್ದನ್ನು ಮುಚ್ಚಿ ಹೇಳುವುದು ಕಪಿಲೆಯ ದಡದಲ್ಲೂ ಇದೆ, ಥೇಮ್ಸಿನ ದಡದಲ್ಲೂ ಇದೆ. ಇದೊಂದು ತಿಳಿದರೆ ಹೊಸಬರಿಗೆ ಪರದೇಶದ ಆಡುಮಾತು ಅರ್ಧ ಪರಿಚಯವಾದ ಹಾಗೆ.

ಉಳಿದ ಪದಗಳೂ ಸಾಮಾನ್ಯದವಲ್ಲ. ಅಲ್ಲಿ 'ಐ ವಾಸ್ ಸಿಕ್' ಅಂದರೆ ಬಹಳ ಸಲ ಕಾಯಿಲೆ ಬಿದ್ದಿದ್ದೆ ಅಂತಲ್ಲ, ವಾಂತಿ ಮಾಡಿಕೊಂಡೆ ಅಂತ. ಮೈಗೆ ಹುಷಾರಿಲ್ಲದಿದ್ದರೆ 'ಪೂರ್ಲಿ'. 'ವಾಟರ್‌ವರ್ಕ್ಸ್' ತೊಂದರೆ ಅಂದರೆ ನಲ್ಲಿ ರಿಪೇರಿಯಲ್ಲ, ಮೂತ್ರದ ತೊಂದರೆ. 'ಬ್ಯಾಕ್ ಪ್ಯಾಸೇಜ್' ಹಿತ್ತಲ ಓಣಿಯಲ್ಲ, ಗುದದ್ವಾರ. ಇಂಜೆಕ್ಷನ್ನಿಗೆ 'ಜ್ಯಾಬ್'. ರಾತ್ರಿ ಪಾಳಿಯ ನರ್ಸಿಗೆ ಇವು ಗೊತ್ತಿರದಿದ್ದರೆ ವಾಂತಿಯಾದ ರೋಗಿಯ ಚಾರ್ಟಿನಲ್ಲಿ ಅದರ ಸುದ್ದಿಯೇ ಇರುವುದಿಲ್ಲ. ಆಡುಮಾತು ಅಂದರೆ ಹುಡುಗರ ಪೋಲಿ ಮಾತು ಎಂದು ಮೂಗು ಮುರಿಯುವವರಿಗೆ ಈ ನೋಟ್‌ಬುಕ್ ತೋರಿಸಬೇಕು. ನೋವಿನಲ್ಲಿ ಇರುವವರು ಪಠ್ಯಪುಸ್ತಕದ ಇಂಗ್ಲಿಷಿನಲ್ಲಿ ನರಳುವುದಿಲ್ಲ.

ಒಂದು ಪದದ ಬಗ್ಗೆ ಅವಳಿಗೆ ಗಟ್ಟಿಯಾಗಿ ಹೇಳಿದ್ದೇನೆ. ನಮ್ಮಲ್ಲಿ ಡಿಗ್ರಿ ಮುಗಿಸಿದವರೆಲ್ಲ 'ಪಾಸೌಟ್' ಆದವರು. ಸಂದರ್ಶನದಲ್ಲಿ 'ಐ ಪಾಸ್ಡ್ ಔಟ್' ಅಂದರೆ ಕೇಳುವವರ ಮನಸ್ಸಿಗೆ ಮೊದಲು ಬರುವುದು ಎಚ್ಚರ ತಪ್ಪಿ ಬಿದ್ದದ್ದು. ಗ್ರಾಜುಯೇಟೆಡ್ ಅನ್ನು ಮಗಳೇ, ಅಂದೆ. ಬರೆದುಕೊಂಡಳು. 'ಔಟ್ ಆಫ್ ಸ್ಟೇಷನ್' ಕೂಡ ಹೀಗೆಯೇ; ಊರಲ್ಲಿಲ್ಲ ಎಂಬ ಅರ್ಥ ನಮ್ಮ ದೇಶದಲ್ಲಿ ಚಲಾವಣೆ, ಹೊರಗೆ ಅಷ್ಟಾಗಿ ಇಲ್ಲ. ಹಾಗೆಂದು ಇವನ್ನು ತಪ್ಪು ಎಂದು ಅಳಿಸಬೇಕಾಗಿಲ್ಲ. ಟಿ.ಪಿ. ಕೈಲಾಸಂ ನೂರು ವರ್ಷದ ಹಿಂದೆಯೇ ಇಂಗ್ಲಿಷ್ ಬೆರೆತ ಮನೆಮಾತನ್ನು ರಂಗದ ಮೇಲೆ ತಂದರು. ಪ್ರೊ. ಜಿ. ವೆಂಕಟಸುಬ್ಬಯ್ಯನವರು ಕನ್ನಡಕ್ಕೆ ಹೊರಗಿನಿಂದ ಬಂದ ಮಾತುಗಳಿಗೆಂದೇ 'ಎರವಲು ಪದಕೋಶ' ಮಾಡಿದರು. ಬಂದ ಪದಗಳ ಲೆಕ್ಕ ಇಟ್ಟ ಭಾಷೆ ನಮ್ಮದು. ಯಾವ ಊರಿನಲ್ಲಿ ಯಾವ ನಾಣ್ಯ ನಡೆಯುತ್ತದೆ ಅನ್ನುವುದನ್ನು ತಿಳಿದಿದ್ದರೆ ಸಾಕು.

ಕಲಿಯುವುದು ಹೇಗೆ ಅನ್ನುವುದಕ್ಕೆ ದೂರ ಹೋಗಬೇಕಾಗಿಲ್ಲ. ನಮ್ಮೂರಿನ ಜೆಎಸ್‌ಎಸ್ ವಸತಿ ಶಾಲೆಯಲ್ಲಿ ಈಶಾನ್ಯ ರಾಜ್ಯಗಳ ಮಕ್ಕಳೂ ಓದುತ್ತಾರೆ. ಬರುವಾಗ ಒಂದಕ್ಷರ ಕನ್ನಡ ಬರದೆ ಬಂದ ಮಕ್ಕಳು. ಅವರ ಬಾಯಿಂದ ಮೊದಲು ಹೊರಡುವ ಕನ್ನಡ ಪದ್ಯವೂ ಅಲ್ಲ, ವ್ಯಾಕರಣವೂ ಅಲ್ಲ. 'ಬಾರ್ಲಾ', 'ಹೋಗ್ಲಾ', 'ಇನ್ನೊಸಿ ಹಾಕಿ'. ಮೊದಲೆರಡು ಆಟದ ಬಯಲಿನಲ್ಲಿ ಸಿಕ್ಕಿದ್ದು, ಮೂರನೆಯದು ಊಟದ ಸಾಲಿನಲ್ಲಿ. ಜಾತ್ರೆಯ ಹೊತ್ತಿಗೆ, ಅಂದರೆ ಜನವರಿ ಫೆಬ್ರವರಿಯಲ್ಲಿ ದನಗಳ ಪರಿಷೆ, ಕುಸ್ತಿ, ಕೃಷಿ ಮೇಳ ಎಲ್ಲ ಸೇರುವಾಗ, ಅಂಥ ಮಕ್ಕಳು ನಮ್ಮ ರಾಗದಲ್ಲೇ ಮಾತಾಡುವುದನ್ನು ಕೇಳಿ ಹೊರಗಿನವರು ತಿರುಗಿ ನೋಡುತ್ತಾರೆ. ನಾಲ್ಕು ಜನ ಸುತ್ತ ನಿಂತು ಅದೇ ಮಾತಾಡುತ್ತಿದ್ದರೆ ಹಾಗೆ ಬರುತ್ತದೆ. ನಮ್ಮ ಹಳ್ಳಿಯ ಮಕ್ಕಳಿಗೆ ಇಂಗ್ಲಿಷಿನ ಆಟದ ಬಯಲು ಎಲ್ಲಿದೆ? ಕಪ್ಪು ಹಲಗೆ ಮಾತ್ರ ಇದೆ. ಅದಕ್ಕೇ ನನ್ನ ಆಸೆ: ಮೊದಲ ಪಾಠ ಮಕ್ಕಳ ಮನೆಯ ಮಾತಿನಿಂದಲೇ ಶುರುವಾಗಲಿ. ಅಮ್ಮನ ಬಾಯಿಂದ ಬಂದ ಮೋಟ್ರು, ಸ್ಟಾಟ್ರು, ಅಪ್ಪನ ಡ್ರಿಪ್ಪು, ಟಿಲ್ಲರು, ಸಬ್ಸಿಡಿ, ಎಲ್ಲವನ್ನೂ ಬೋರ್ಡಿನ ಮೇಲೆ ಬರೆಸಿ, ಅವಕ್ಕೆ ಆ ಸಣ್ಣ ಕ್ರಿಯಾಪದಗಳನ್ನು ಸೇರಿಸಿ ಮಾತಾಡಿಸಲಿ. 'ದಿ ಮೋಟರ್ ಟ್ರಿಪ್ಡ್' ಅನ್ನುವ ವಾಕ್ಯ ಅಕ್ಕನ ಮೊಮ್ಮಗನಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಅಕ್ಕನ ಮಗಳು ಈಗ ನೋಟ್‌ಬುಕ್ಕನ್ನು ಹಿಂದಿನಿಂದಲೂ ಬರೆಯಲು ಶುರುಮಾಡಿದ್ದಾಳೆ. ಅವಳ ವಾರ್ಡಿನಲ್ಲಿ ಕೇರಳದಿಂದ ಬಂದ ಹೊಸ ನರ್ಸೊಬ್ಬಳಿದ್ದಾಳಂತೆ. ನಮ್ಮ ಕಡೆಯ ಅಜ್ಜಿಯರು ಹೇಳುವುದು ಆ ಹುಡುಗಿಗೆ ತಿಳಿಯುವುದಿಲ್ಲವಂತೆ. ಅವಳಿಗೋಸ್ಕರ ಇದು. ಪದ ಹೇಳುವ ಕೆಲಸ ಅಕ್ಕನದು. ಹೊಟ್ಟೆ ತೊಳಸ್ತದೆ. ಎದೆ ಹಿಡ್ಕಂಡದೆ. ಕಣ್ಣು ಕತ್ಲೆ ಬತ್ತದೆ. ಕಾಲು ಜೋಮು ಹಿಡಿದದೆ. ಒಂದೊಂದಕ್ಕೂ ಪಕ್ಕದಲ್ಲಿ ಇಂಗ್ಲಿಷು ಬರೆಯುತ್ತಾ ಹೋದಳು. 'ನೆತ್ತಿಗೆ ಹತ್ತದೆ' ಅನ್ನುವಲ್ಲಿ ಪೆನ್ನು ನಿಂತಿತು.

"ನೀರು ಕುಡೀವಾಗ ಶ್ವಾಸದ ದಾರಿಗೆ ಹೋಗೋದು. 'ಇಟ್ ವೆಂಟ್ ಡೌನ್ ದಿ ರಾಂಗ್ ವೇ' ಅಂತಾರೆ, ಬರ್ಕೊ" ಅಂದೆ.

"ಅವ್ರಿಗೆ ಕೆಳಕ್ಕೆ ಓಯ್ತದೆ, ನಮ್ಗೆ ಮೇಲಕ್ಕೆ ಅತ್ತದೆ" ಅಂದ ಅಕ್ಕ, "ತಲೆ ಮೇಲೆ ತಟ್ಬೇಕು ಅಂತಾನೂ ಬರಿ ಕನವ್ವ" ಅಂದರು. ಮಗಳು, ತಟ್ಟಿ ಏನೂ ಪ್ರಯೋಜನವಿಲ್ಲ, ಕೆಮ್ಮಲು ಬಿಡಬೇಕು ಅಂದಳು. ಆ ವಾದ ಇನ್ನೂ ಮುಗಿದಿಲ್ಲ.