ಗೋಡೆಗೂಡಿನ ಕೆಂಪು ಮಾತ್ರೆ ಬಾಯಿಬಿಟ್ಟಾಗ

ಸರ್ಕಾರ ಪುಕ್ಕಟೆ ಕೊಡುವ ‘ರಕ್ತದ ಮಾತ್ರೆ’ ಮಾತಿಗೆ ಸಿಕ್ಕಿದ್ದು ಅಡುಗೆಮನೆಯ ಗೋಡೆಗೂಡಿನಲ್ಲಿ, ಬೆಂಕಿಪೊಟ್ಟಣದ ಹಿಂದೆ. ಸ್ಟ್ರಿಪ್ಪಿನ ಒಂದು ಗುಳಿಯೂ ಒಡೆದಿರಲಿಲ್ಲ. ಒಳಗೆ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ, ಜೊತೆಗೆ ಸಾಕಷ್ಟು ಸಿಟ್ಟು.

1970ರಿಂದ ದೇಶ ನಿಮ್ಮನ್ನೇ ನಂಬಿಕೊಂಡಿದೆ. 2018ರಲ್ಲಿ ನಿಮ್ಮನ್ನು ಹಂಚುವ ಕಾರ್ಯಕ್ರಮಕ್ಕೆ ‘ಅನೀಮಿಯಾ ಮುಕ್ತ ಭಾರತ’ ಎಂದು ಹೊಸ ನಾಮಕರಣವೂ ಆಯಿತು. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಹೆಂಗಸರ ಪೈಕಿ ಶೇ. 57 ಮಂದಿಗೆ ರಕ್ತಹೀನತೆ. ಹಿಂದಿನ ಸಮೀಕ್ಷೆಯಲ್ಲಿ ಶೇ. 53 ಇತ್ತು. ನಾಚಿಕೆಯಾಗುವುದಿಲ್ಲವೇ?

ನಾಚಿ ಕೆಂಪಾಗುವುದೇನು ಸ್ವಾಮಿ, ಹುಟ್ಟುತ್ತಲೇ ಕೆಂಪು ನಾನು! ಬಸುರಿ ನನ್ನನ್ನು 180 ದಿನ ನುಂಗಬೇಕೆಂಬುದು ನಿಯಮ. ಅದೇ ಸಮೀಕ್ಷೆಯ ಪ್ರಕಾರ ಅಷ್ಟು ದಿನ ನುಂಗಿದ ತಾಯಂದಿರು ಶೇ. 26 ಮಾತ್ರ. ಕೊಟ್ಟ ಮಾತ್ರೆಯನ್ನು ರಿಜಿಸ್ಟರಿನಲ್ಲಿ ಬರೆದುಕೊಳ್ಳುವುದು ಸುಲಭ, ಹೊಟ್ಟೆಗೆ ಹೋದದ್ದನ್ನು ಎಣಿಸುವುದು ಕಷ್ಟ. ಕಷ್ಟವಾದದ್ದನ್ನು ಬಿಟ್ಟು ಸುಲಭವಾದದ್ದನ್ನೇ ಸಾಧನೆ ಎಂದರೆ ನನ್ನ ತಪ್ಪೇ? ಹೆಂಗಸರ ಉದಾಸೀನ ಎನ್ನುವವರೂ ಇದ್ದಾರೆ. ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ, ಮಲಬದ್ಧತೆ ಕಾಡುತ್ತದೆ. ಇದು ಹೀಗೇ, ಹೆದರಬೇಡಮ್ಮ ಎಂದು ಮೊದಲೇ ಹೇಳದೆ ಹೋದರೆ ಯಾರು ತಾನೇ ನಾಲ್ಕನೇ ದಿನ ನುಂಗಿಯಾರು? ಚಹಾದ ಜೊತೆ ನುಂಗಿದರಂತೂ ಅದರ ಒಗರು ನನ್ನ ಕಬ್ಬಿಣವನ್ನು ಕರುಳು ಹೀರದಂತೆ ತಡೆಯುತ್ತದೆ. ಇನ್ನು ಉದಾಸೀನದ ಮಾತು. ಒಂದು ಹಿಮೋಗ್ಲೋಬಿನ್ ಅಣುವಿನಲ್ಲಿ ಕಬ್ಬಿಣದ ನಾಲ್ಕು ಪರಮಾಣು, ಒಂದೊಂದಕ್ಕೂ ಆಮ್ಲಜನಕದ ಒಂದೊಂದು ಅಣು. ಆ ಕಬ್ಬಿಣವೇ ಇಲ್ಲದೆ ಸ್ನಾಯುವಿಗೆ ಉಸಿರು ಮುಟ್ಟದಿದ್ದಾಗ ಆಗುವ ಸುಸ್ತನ್ನೇ ಮನೆಮಂದಿ ಸೋಮಾರಿತನ ಎಂದು ಕರೆಯುವುದು.

ಆ ಕುಟುಂಬ ಸಮೀಕ್ಷೆಯವರು ಬೆರಳು ಚುಚ್ಚಿ ತೆಗೆದ ಹನಿಯ ಲೆಕ್ಕ ಉತ್ಪ್ರೇಕ್ಷೆ ಎಂದು ತಜ್ಞರೇ ತಕರಾರು ತೆಗೆದಿದ್ದಾರಲ್ಲ?

ತಕರಾರು ನ್ಯಾಯವಾದದ್ದೇ. 2016-18ರ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆ ಅಭಿಧಮನಿಯಿಂದ ರಕ್ತ ತೆಗೆದು ನೋಡಿದಾಗ 1ರಿಂದ 4 ವರ್ಷದ ಮಕ್ಕಳಲ್ಲಿ ರಕ್ತಹೀನತೆ ಸಿಕ್ಕಿದ್ದು ಶೇ. 41 ಮಂದಿಗೆ. ಬೆರಳಿನ ಲೆಕ್ಕಕ್ಕಿಂತ ಕಡಿಮೆ, ಒಪ್ಪಿದೆ. ಐದರಲ್ಲಿ ಎರಡು ಮಗು ಬಿಳಿಚಿಕೊಂಡಿರುವುದು ಸಮಾಧಾನದ ಸುದ್ದಿಯೇ? ಆ ಸಮೀಕ್ಷೆ ನನ್ನ ಜಂಬವನ್ನೂ ಇಳಿಸಿತೆನ್ನಿ: ರಕ್ತಹೀನರೆಲ್ಲರಿಗೂ ಕಬ್ಬಿಣವೇ ಕೊರತೆಯಲ್ಲ, ಬಿ12 ಕೊರತೆಯೂ ಇರಬಹುದು, ಸೋಂಕೂ ಇರಬಹುದು. ಸಿಕಲ್ ಸೆಲ್ ಕಾಯಿಲೆಯಲ್ಲಿ ಹಿಮೋಗ್ಲೋಬಿನ್ನಿನ ರಚನೆಯೇ ಕೆಟ್ಟಿರುತ್ತದೆ. ತೀವ್ರ ತಲಸ್ಸೇಮಿಯಾ ಇರುವ ಮಗುವಿಗೆ ಪದೇಪದೇ ರಕ್ತ ಏರಿಸಿ ಹೃದಯ, ಯಕೃತ್ತಿನಲ್ಲಿ ಕಬ್ಬಿಣ ಕೂತು, ಅದನ್ನು ಹೊರಹಾಕಲು ಬೇರೆ ಔಷಧ ಬೇಕು. ಅಲ್ಲಿ ನಾನು ಕರೆಯದೆ ಬಂದ ನೆಂಟ. ಪರೀಕ್ಷೆ ಮಾಡಿಸದೆ ಮುಖ ಬಿಳಿಚಿದವರಿಗೆಲ್ಲ ನನ್ನನ್ನು ಹಂಚುವ ಉದಾರಿಗಳು ಇದನ್ನು ಗಮನಿಸಲಿ.

ಇಷ್ಟು ಹೇಳಿ ಮಾತ್ರೆ ಮತ್ತೆ ಬೆಂಕಿಪೊಟ್ಟಣದ ಹಿಂದೆ ಸರಿಯಿತು. ಓದುಗರೇ, ನಿಮ್ಮ ಮನೆಯ ಗೂಡಿನಲ್ಲೂ ಇಂಥದೊಂದು ಸ್ಟ್ರಿಪ್ ಇದ್ದರೆ, ವೈದ್ಯರು ಅದನ್ನು ಯಾರಿಗೆ ಕೊಟ್ಟಿದ್ದರೋ ಅವರ ಕೈಗಿಡಿ. ಜೊತೆಗೆ ಚಹಾ ಬೇಡ, ಒಂದು ಲೋಟ ನಿಂಬೆ ಪಾನಕ ಮಾಡಿಕೊಡಿ.